ಹೊಸ್ತಿಲ ಬಳಿ ಇಟ್ಟ ಶೀಶೆ

ಮಸ್ಕಿ
ಸೋಮವಾರ, ೧೪ ನವೆಂಬರ್ ೧೯೫೫

ಸಿಂಧನೂರಿನ ಕಾಲುವೆ ಕೆಲಸದ ಕ್ಯಾಂಪಿನಲ್ಲಿರುವ ನಮ್ಮ ಮನೆಯವರಿಗೆ ಕಸ್ತೂರೆಮ್ಮ ಮಾಡುವ ಶರಣು.

ಈ ಪತ್ರವನ್ನು ಅಲ್ಲಿಯ ಗುಮಾಸ್ತರ ಕೈಗೆ ಕೊಟ್ಟು ಓದಿಸಿಕೊಳ್ಳಬೇಡಿ. ಎಷ್ಟು ಹೊತ್ತು ಹಿಡಿದರೂ ಚಿಂತೆಯಿಲ್ಲ, ಅಕ್ಷರಕ್ಕೆ ಅಕ್ಷರ ಕೂಡಿಸಿ ನೀವೇ ಓದಬೇಕು. ನಿಮಗೆ ಓದು ಕಲಿಸಿದವಳು ನಾನೇ ಆದ್ದರಿಂದ ಎಲ್ಲಿ ತಡವರಿಸುತ್ತೀರಿ ಎಂದು ಗೊತ್ತು. ಒತ್ತಕ್ಷರ ಬಿಟ್ಟು ಬರೆಯಲು ನೋಡಿದೆ, ಆಗಲಿಲ್ಲ. ದಪ್ಪಗೆ ಬರೆದಿದ್ದೇನೆ.

ನೀವು ಹೋಗಿ ಹತ್ತೊಂಬತ್ತು ತಿಂಗಳಾಯಿತು. ಅತ್ತೆಯವರು ಆರಾಮವಾಗಿದ್ದಾರೆ, ಕಿವಿ ಮಾತ್ರ ಇನ್ನಷ್ಟು ಮಂದವಾಗಿದೆ. ನನ್ನ ಮೇಲೆ ಸಿಟ್ಟು ಬಂದಾಗ ಮಾತ್ರ ಎಲ್ಲವೂ ಚೆನ್ನಾಗಿ ಕೇಳುತ್ತದೆ. ಎಮ್ಮೆ ಈದಿದೆ, ಹೆಣ್ಣುಗರು. ಇದನ್ನೆಲ್ಲ ಬರೆದು ನಾನು ಹೊತ್ತು ಕಳೆಯುತ್ತಿದ್ದೇನೆ ಎಂದು ನಿಮಗೆ ಈಗಾಗಲೇ ತಿಳಿದಿರಬೇಕು. ಕುಳಿತುಕೊಂಡು ಮುಂದೆ ಓದಿ.

ನಿಮಗೆ ಸಕ್ಕರೆ ಬೇನೆ ಇಲ್ಲ. ಯಾವತ್ತೂ ಇರಲಿಲ್ಲ. ಅದು ನನ್ನ ಬೇನೆ.

ಮೂರು ವರ್ಷದ ಹಿಂದೆ ಲಿಂಗಸುಗೂರಿಗೆ ಹೈದರಾಬಾದಿನಿಂದ ಡಾಕ್ಟರ್ ರಹಿಮಾನ್ ಬಂದಿದ್ದರಲ್ಲ, ಕಸರತ್ತು ಮಾಡಿದ ಮೈಯಲ್ಲಿ ಏನೇನು ಬದಲಾಗುತ್ತದೆ ಎಂದು ಬರೆದುಕೊಳ್ಳಲು. ಸುತ್ತಲಿನ ಗರಡಿಗಳಿಂದ ಇಪ್ಪತ್ತು ಜನ ಪೈಲ್ವಾನರನ್ನು ಆರು ದಿನ ಕರೆಸಿದ್ದರು. ನೀವು ದಿನಾ ಸಂಜೆ ಬಂದು ಕಟ್ಟೆಯ ಮೇಲೆ ಕುಳಿತು ಹೇಳುತ್ತಿದ್ದಿರಿ, ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ನೂರು ಬೈಠಕ್ ಹೊಡೆಸಿ, ಗಡಿಯಾರ ನೋಡುತ್ತ ನಾಡಿ ಎಣಿಸಿದರಂತೆ. ಕಾಲು ಚಾಚಿ ಕೂರಿಸಿ, ಕೈಬೆರಳು ಕಾಲಿನ ಹೆಬ್ಬೆರಳನ್ನು ದಾಟಿ ಎಷ್ಟು ಮುಂದೆ ಹೋಗುತ್ತದೆ ಎಂದು ಪಟ್ಟಿ ಹಿಡಿದು ಅಳೆದರಂತೆ. ನೀವು ಎಲ್ಲರಿಗಿಂತ ನಾಲ್ಕು ಬೆರಳು ಮುಂದೆ. "ನಿಮ್ಮ ನಾಡಿ ಒಂದು ನಿಮಿಷದಾಗ ಮನಿಗೆ ವಾಪಸ್ ಬರತದ ಪೈಲ್ವಾನ್ರೆ, ಉಳಿದವರದು ಇನ್ನಾ ದಾರ್ಯಾಗ ಇರತದ" ಎಂದು ಡಾಕ್ಟರು ಅಂದದ್ದನ್ನು ನೀವು ಅತ್ತೆಯವರಿಗೆ ಮೂರು ಸಲ ಹೇಳಿದಿರಿ. ಅವರಿಗೆ ಕೇಳಿಸಲಿ ಎಂದಲ್ಲ, ನನಗೆ ಕೇಳಿಸಲಿ ಎಂದು. ನನಗೆ ಗೊತ್ತಾಗುತ್ತಿತ್ತು.

ಕೊನೆಯ ದಿನ ಎಲ್ಲರೂ ಬೆಳಗಿನ ಮೂತ್ರವನ್ನು ಶೀಶೆಯಲ್ಲಿ ತರಬೇಕೆಂದು ಹೇಳಿದ್ದರು. ನೀವು ನಸುಕಿನಲ್ಲೇ ಗರಡಿಯಿಂದ ಮನೆಗೆ ಬಂದು, ನಾಚಿಕೊಂಡೇ ತುಂಬಿಸಿ, ಹಿತ್ತಲ ಹೊಸ್ತಿಲ ಬಳಿ ಇಟ್ಟು, ಸ್ನಾನ ಮಾಡಿ ಲಿಂಗಪೂಜೆಗೆ ಕುಳಿತಿರಿ. ನಾನು ಕಸ ಗುಡಿಸುತ್ತಿದ್ದೆ. ಪೊರಕೆಯ ಹಿಡಿ ತಾಗಿ ಶೀಶೆ ಉರುಳಿತು, ಬಿರಡೆ ಹಾರಿತು, ಇದ್ದುದೆಲ್ಲ ಹರಿದುಹೋಯಿತು. ಪೂಜೆಯಲ್ಲಿದ್ದ ನಿಮ್ಮನ್ನು ಕರೆಯುವಂತಿರಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು, ಹೊರಡುವ ದಿನ ಏನಾದರೂ ಚೆಲ್ಲಿದರೆ ನೀವು ಮುಖ ಗಂಟಿಕ್ಕುವವರು. ಬಣ್ಣ ನೋಡಿ ಚೆಲ್ಲುತ್ತಾರೆ, ಯಾರದೆಂದು ಅದರಲ್ಲಿ ಬರೆದಿರುತ್ತದೆಯೇ ಎಂದುಕೊಂಡೆ. ಶೀಶೆಯನ್ನು ತೊಳೆದು, ಬಚ್ಚಲಿಗೆ ಹೋಗಿ, ನನ್ನದನ್ನು ತುಂಬಿಸಿ ಅಲ್ಲಿಯೇ ಇಟ್ಟೆ. ನೀವು ಅದನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಲಿಂಗಸುಗೂರಿನವರೆಗೆ ಹೋದಿರಿ. ನಿಜ ಹೇಳುತ್ತೇನೆ, ಅದನ್ನು ನೆನೆದು ಒಲೆಯ ಮುಂದೆ ಕುಳಿತು ನಕ್ಕಿದ್ದೆ.

ಸಂಜೆ ನೀವು ಬಂದಾಗ ಮುಖದಲ್ಲಿ ಕಳೆ ಇರಲಿಲ್ಲ. ನೀಲಿ ಔಷಧದಲ್ಲಿ ಕೆಲವು ಹನಿ ಹಾಕಿ ದೀಪದ ಮೇಲೆ ಕಾಯಿಸಿದರಂತೆ. ಹತ್ತೊಂಬತ್ತು ಜನರದು ನೀಲಿಯಾಗಿಯೇ ಉಳಿಯಿತು, ನಿಮ್ಮದು ಇಟ್ಟಿಗೆಯ ಹಾಗೆ ಕೆಂಪಾಯಿತು. ಡಾಕ್ಟರೇ ನಂಬಲಿಲ್ಲವಂತೆ. ನಾಳೆ ಇನ್ನೊಂದು ಶೀಶೆ ತನ್ನಿ, ಬೇನೆ ಇದ್ದರೂ ಕಸರತ್ತು ಬಿಡಬೇಡಿ, ಅದರಿಂದ ಒಳ್ಳೆಯದೇ ಆಗುತ್ತದೆ ಎಂದರಂತೆ. ಆದರೆ ನಿಮ್ಮ ಗರಡಿಯ ಉಸ್ತಾದ ಗಾಳೆಪ್ಪನವರು ಎಲ್ಲರೆದುರು ನಿಮ್ಮ ಹೆಸರು ಹಿಡಿದು, "ಅಮರಗುಂಡಾ, ಸಿಹಿ ಮೈ ಇದ್ದಾಂವ ಅಖಾಡದ ಮಣ್ಣಾಗ ಇಳೀಬಾರದು, ನಾಳಿಂದ ಬರಬ್ಯಾಡ" ಎಂದುಬಿಟ್ಟರು. ನೀವು ಇನ್ನೊಂದು ಶೀಶೆ ಒಯ್ಯಲಿಲ್ಲ. "ಒಮ್ಮೆ ಮಾನ ಹೋಗೇದ, ಸಾಕು" ಎಂದಿರಿ.

ಆಮೇಲಿನದು ನಿಮಗೇ ಗೊತ್ತು. ಹಾಲು, ತುಪ್ಪ, ಬಾದಾಮಿ ಎಲ್ಲ ಬಿಟ್ಟಿರಿ. ಮುದಗಲ್ಲಿನ ಅಲಾಯಿ ಹಬ್ಬದ ಕುಸ್ತಿಗೆ ನಿಮ್ಮ ಹೆಸರು ಕೂಗಿದರೆ ಯಾರೂ ಏಳಲಿಲ್ಲವಂತೆ. ಮಲ್ಲಯ್ಯನ ಗುಡ್ಡವನ್ನು ದಿನಾ ಓಡಿ ಹತ್ತುತ್ತಿದ್ದವರು ಪಾದಗಟ್ಟೆಯಿಂದಲೇ ಕೈಮುಗಿದು ಬರತೊಡಗಿದಿರಿ. ಭುಜ ಇಳಿಯಿತು, ಅಂಗಿ ಜೋಲಾಡತೊಡಗಿತು. ಆದರೆ ಆ ದಿನಗಳಲ್ಲಿ ನೀವು ಮನೆಯಲ್ಲಿದ್ದಿರಿ. ಮದುವೆಯಾಗಿ ಎಂಟು ವರ್ಷ ನೀವು ಗರಡಿಯಲ್ಲೇ ಮಲಗಿದವರು. ಪೈಲ್ವಾನನು ಹೆಂಡತಿಯಿಂದ ದೂರವಿರಬೇಕೆಂದು ಉಸ್ತಾದರ ಕಟ್ಟಳೆ. ಊಟಕ್ಕೆ ಬರುತ್ತಿದ್ದಿರಿ, ತಾಟು ನೋಡುತ್ತಿದ್ದಿರಿ, ಹೋಗುತ್ತಿದ್ದಿರಿ. ಈಗ ಮಧ್ಯಾಹ್ನ ಪಾಟಿ ಹಿಡಿದು ಕೂತು ನನ್ನಿಂದ ಬೈಸಿಕೊಳ್ಳುತ್ತ ಅಕ್ಷರ ತಿದ್ದಿದಿರಿ. ನಾನು ಬಸುರಿಯಾದೆ.

ಕೂಸಿನ ವಿಷಯ ಬರೆಯಲು ಮೂರು ದಿನದಿಂದ ಲೇಖನಿ ಹಿಡಿದು ಇಡುತ್ತಿದ್ದೇನೆ. ಇಷ್ಟು ದೊಡ್ಡ ಕೂಸನ್ನು ತನ್ನ ಕೈಯಲ್ಲಿ ಹಿಡಿದೇ ಇಲ್ಲ ಎಂದು ಸೂಲಗಿತ್ತಿ ಪಕೀರಮ್ಮ ಹೇಳಿದಳು. "ಪೈಲ್ವಾನನ ಮಗಾ ಬಂದಾನ" ಎಂದು ಬೆನ್ನು ತಟ್ಟಿದಳು. ತಟ್ಟಿದಳು, ತಟ್ಟಿದಳು. ಅವನು ಅಳಲೇ ಇಲ್ಲ. ನೀವು ಎರಡೂ ಕೈಯಲ್ಲಿ ಅವನನ್ನು ಹಿಡಿದು, "ನನ್ನ ನೆತ್ತರದಾಗಿನ ಸಿಹಿ ಕೂಸಿಗೆ ತಗಲೇದ" ಎಂದಿರಿ. ಇಪ್ಪತ್ತೊಂದನೆಯ ದಿನ, "ನಾ ಇಲ್ಲೇ ಇದ್ರ ಇನ್ನೊಂದು ಕೂಸು ಸಾಯ್ತದ" ಎಂದು ತಾಯಿಗೆ ಹೇಳಿ ಗಂಟು ಹಿಡಿದು ಹೊರಟಿರಿ.

ಈ ಆಷಾಢದಲ್ಲಿ ನನ್ನ ಎಡಗಾಲಿಗೆ ಜಾಲಿಮುಳ್ಳು ಚುಚ್ಚಿತು. ಗಾಯ ಮಾಯಲೇ ಇಲ್ಲ. ಮೊದಲಿನಿಂದಲೂ ಇದ್ದ ಬಾಯಾರಿಕೆ ಕೊಡ ನೀರು ಕುಡಿದರೂ ಹೋಗುತ್ತಿರಲಿಲ್ಲ. ನನ್ನ ತಮ್ಮ ಬಂದು ರಾಯಚೂರಿನ ದವಾಖಾನೆಗೆ ಕರೆದೊಯ್ದ. ಅಲ್ಲಿಯ ಡಾಕ್ಟರಮ್ಮ ನನ್ನ ಕಣ್ಣೆದುರಿಗೇ ಕಾಯಿಸಿದರು. ನೀಲಿ ಇದ್ದದ್ದು ಹಸಿರಾಯಿತು, ಹಳದಿಯಾಯಿತು, ಕೆಂಪಾಯಿತು. ಹೆರಿಗೆಯ ಬಗ್ಗೆ ಕೇಳಿದರು, ಹೇಳಿದೆ. ತಾಯಿಗೆ ಈ ಬೇನೆ ಇದ್ದರೆ ಕೂಸು ಹೊಟ್ಟೆಯಲ್ಲಿ ವಿಪರೀತ ಬೆಳೆಯುತ್ತದೆ, ಹಾಗೆ ಹೋಗಿಬಿಡುವುದೂ ಉಂಟು ಎಂದರು. ಗಂಡನ ನೆತ್ತರಿನಿಂದ ಹೀಗಾಗುತ್ತದೆಯೇ ಎಂದು ಎರಡು ಸಲ ಕೇಳಿದೆ. ಎರಡು ಸಲವೂ ಇಲ್ಲ ಎಂದರು. ಆಗ ಶೀಶೆ ನೆನಪಿಗೆ ಬಂತು, ಎಲ್ಲ ತಿಳಿಯಿತು.

ನನ್ನ ಎರಡು ಕಾಲ್ಬೆರಳು ತೆಗೆದಿದ್ದಾರೆ. ಹೆದರಬೇಡಿ, ನಡೆಯುತ್ತೇನೆ. ದಿನಕ್ಕೊಂದು ಸೂಜಿ ಚುಚ್ಚಿಕೊಳ್ಳುವುದನ್ನು ಕಲಿತಿದ್ದೇನೆ.

ನಿಮ್ಮನ್ನು ಒಂದೇ ಕೇಳುತ್ತೇನೆ. ಆ ಕಡೆಯಿಂದ ಬಂದವರು ಹೇಳಿದರು, ನೀವು ಸಿಮೆಂಟಿನ ಗೋದಾಮಿನ ಬಾಗಿಲು ಕಾಯುತ್ತ ದಿನವೆಲ್ಲ ಕೂತೇ ಇರುತ್ತೀರಂತೆ, ಒಂದು ಚೀಲ ಎತ್ತಲೂ ಅಂಜುತ್ತೀರಂತೆ. ಮೂವತ್ತನಾಲ್ಕು ವರ್ಷಕ್ಕೆ! ಲಿಂಗಸುಗೂರಿನ ದವಾಖಾನೆಗೆ ಹೋಗಿ ಇನ್ನೊಂದು ಶೀಶೆ ಕೊಡಿ. ನಿಮ್ಮ ಕೈಯಾರೆ ತುಂಬಿಸಿ, ನಿಮ್ಮ ಕೈಯಾರೆ ಕೊಡಿ, ನಡುವೆ ಎಲ್ಲಿಯೂ ಕೆಳಗೆ ಇಡಬೇಡಿ. ನೀಲಿಯೇ ಉಳಿಯುತ್ತದೆ. ಅವರು ಬರೆದುಕೊಡುವ ಚೀಟಿಯನ್ನು ಗಾಳೆಪ್ಪನವರಿಗೆ ತೋರಿಸಿ ಮಣ್ಣಿಗೆ ಇಳಿಯಿರಿ. ಬಿಟ್ಟ ಮೈ ಗಟ್ಟಿಯಾಗಿ ಬಗ್ಗುವುದನ್ನು ಮರೆಯುತ್ತದೆ, ಹಟ ಹಿಡಿದರೆ ಮತ್ತೆ ಕಲಿಯುತ್ತದೆ ಎಂದು ರಹಿಮಾನ್ ಡಾಕ್ಟರು ಹೇಳಿದ್ದರೆಂದು ನೀವೇ ಹೇಳಿದ್ದಿರಿ. ಮನೆಗೆ ಬನ್ನಿ ಎಂದು ಕರೆಯುವ ಬಾಯಿ ನನಗೆ ಉಳಿದಿಲ್ಲ. ಕೂಸು ನಿಮ್ಮಿಂದ ಹೋಗಲಿಲ್ಲ. ಇದೊಂದನ್ನು ಮಾತ್ರ ಇನ್ನೊಮ್ಮೆ ಓದಿ.

ತಪ್ಪು ಮಾಡಿದವಳು,
ಕಸ್ತೂರೆಮ್ಮ

ತಾ.ಕ.: ಪತ್ರ ಮಡಿಚಿ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ರಾಯಚೂರಿನಲ್ಲಿ ಶೀಶೆ ನೆನಪಿಗೆ ಬಂತು ಎಂದು ಬರೆದದ್ದು ಸುಳ್ಳು. ನೀವು ಕಟ್ಟೆಯ ಮೇಲೆ ಕುಳಿತು ಕೆಂಪಾಯಿತು ಎಂದ ಕೂಡಲೇ ಅದು ನನ್ನದೆಂದು ನನಗೆ ಗೊತ್ತಿತ್ತು. ಹೇಳಬೇಕೆಂದು ಬಾಗಿಲು ದಾಟಿ ಹೊರಗೂ ಬಂದೆ. ಅಷ್ಟರಲ್ಲಿ ನೀವು, "ಕಸ್ತೂರಿ, ಇನ್ನ ಮನ್ಯಾಗ ಹಾಸಿಗಿ ಹಾಸು" ಎಂದಿರಿ. ಎಂಟು ವರ್ಷದಲ್ಲಿ ಆ ಮಾತು ಕೇಳಿರಲಿಲ್ಲ. ಒಳಗೆ ಹೋಗಿ ಹಾಸಿಗೆ ಹಾಸಿದೆ. ಕೂಸನ್ನು ಹಿಡಿದುಕೊಂಡು ನೀವು ನಿಮ್ಮ ನೆತ್ತರನ್ನೇ ಬೈದುಕೊಳ್ಳುವಾಗಲೂ ಹೇಳಲಿಲ್ಲ. ಹೇಳಿದರೆ ಗರಡಿಗೆ ಹೋಗಿಬಿಡುತ್ತೀರಿ ಎಂದು ಹೆದರಿದ್ದೆ.