ಭಾವ ಗ್ಯಾಲರಿಯಲ್ಲಿ ಕೂತ ಪಂದ್ಯ

ಭಾನುವಾರ, ನವೆಂಬರ್ ೧೭

ನಮ್ಮ ಫುಟ್‌ಬಾಲ್ ತಂಡ ಸೋಲುತ್ತಲೇ ಇರುವುದು ಕೋಚ್‌ನಿಂದಲೋ ಆಟಗಾರರಿಂದಲೋ ಎಂದು ಕ್ಲಬ್ಬಿನ ಅಧ್ಯಕ್ಷರು ನನ್ನನ್ನು ಕೇಳಿದ್ದಾರೆ. ಕೋಚ್ ನನ್ನ ಅಕ್ಕನ ಗಂಡ, ನಾನು ಅವರ ಸಹಾಯಕ. ಹುಡುಗರಲ್ಲಿ ಸತ್ವವಿಲ್ಲ ಎಂದರೆ ಕೆಲವರು ತಂಡದಿಂದ ಹೋಗುತ್ತಾರೆ. ಕೋಚ್ ಸರಿಯಿಲ್ಲ ಎಂದರೆ ಅಕ್ಕನಿಗೆ ಮುಖ ತೋರಿಸುವಂತಿಲ್ಲ.

ಇಂದು ಮೊದಲರ್ಧದಲ್ಲೇ ಎರಡು ಗೋಲು ಬಿಟ್ಟುಕೊಟ್ಟೆವು. ಭಾವ ರೆಫರಿಯ ಮೇಲೆ ರೇಗಿ, ಕೆಂಪು ಕಾರ್ಡ್ ತಿಂದು ಗ್ಯಾಲರಿ ಹತ್ತಿದರು. ಮೈದಾನದ ಗೆರೆಯ ಪಕ್ಕ ನಾನೊಬ್ಬನೇ ನಿಂತೆ. ಅವರಂತೆ ಕೂಗುವ ಗಂಟಲು ನನಗಿಲ್ಲ. ಅದೇ ಹುಡುಗರು ಎರಡು ಗೋಲು ಹೊಡೆದು ಪಂದ್ಯ ಸಮ ಮಾಡಿದರು.

ಆಮೇಲೆ ಡ್ರೆಸ್ಸಿಂಗ್ ರೂಮಿನಲ್ಲಿ ಕ್ಯಾಪ್ಟನ್ ಬೂಟು ಬಿಚ್ಚುತ್ತಾ ನನಗೆ ಅಂದ: "ಕೋಚ್ ಸಾರ್ ಕಲಿಸಿದ್ದನ್ನೇ ಆಡಿದ್ವಿ. ಇವತ್ತು ಅವರ ಕೂಗಾಟ ಇರ್ಲಿಲ್ಲ, ಒಬ್ಬರ ಮಾತು ಒಬ್ಬರಿಗೆ ಕೇಳಿಸ್ತು, ಅಷ್ಟೇ."

ಭಾವ ಬಾಗಿಲಲ್ಲೇ ನಿಂತಿದ್ದರು. ಅವನು ನೋಡಿರಲಿಲ್ಲ.

ಭಾವನ ಕಾರಿನಲ್ಲಿ ವಾಪಸ್ ಹೊರಟೆವು. ಮನೆ ಹತ್ತಿರ ಬಂದಾಗ, "ಮುಂದಿನ ಮ್ಯಾಚಿಗೂ ನಾನು ಮೇಲೇ ಕೂತ್ಕೋತೀನಿ ಕಣೋ. ಅಲ್ಲಿಂದ ಆಟ ಚೆನ್ನಾಗಿ ಕಾಣುತ್ತೆ," ಎಂದರು. ನಾನು ಹೂಂ ಅಂದೆ.

ಅಕ್ಕ ಬಾಗಿಲು ತೆಗೆದು, "ಇವತ್ತೂ ಸೋತ್ರಾ?" ಎಂದಳು.

"ಇಲ್ವಲ್ಲ," ಎಂದರು ಭಾವ, ಸೋತವರ ದನಿಯಲ್ಲಿ.

ನಾಳೆ ಅಧ್ಯಕ್ಷರ ಮುಂದೆ ಇದನ್ನೆಲ್ಲ ಯಾವ ಬಾಯಲ್ಲಿ ಹೇಳಲಿ?