ಕೂಗಿದರೂ ಓಗೊಡದವಳ ಪರವಾಗಿ

ಶಿವಮೊಗ್ಗದ ನಮ್ಮ ಕಚೇರಿಯ ಮುಖ್ಯಸ್ಥರಾದ ಮಾನ್ಯರೇ,

ಈ ಸಲದ ವಿಶೇಷಚೇತನರ ದಿನಾಚರಣೆಯಲ್ಲಿ ನಾನು ಯಾರನ್ನೂ ನಗಿಸುವುದಿಲ್ಲ. ಕಳೆದ ವಾರ ತಾವೇ ನನ್ನ ಮೇಜಿನ ಬಳಿ ಬಂದು, ‘ಎಲ್ಲರನ್ನೂ ಒಳಗೊಳ್ಳುವ ಕಚೇರಿ’ ಎಂಬ ವಿಷಯದ ಮೇಲೆ ಎಂದಿನಂತೆ ಹಾಸ್ಯವಾಗಿ ಮಾತನಾಡಬೇಕೆಂದು ಕೇಳಿದಿರಿ. ಅಷ್ಟಕ್ಕೇ ನಿಲ್ಲಿಸಿದ್ದರೆ ಜ್ವರದ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ, ಈ ಪತ್ರ ಹುಟ್ಟುತ್ತಿರಲಿಲ್ಲ. ಆದರೆ ಹೊರಟವರು ತಿರುಗಿ ನಿಂತಿರಿ. “ಆ ರೆಕಾರ್ಡ್ ರೂಮ್ ವಿಷಯಾನೂ ಸ್ವಲ್ಪ ತಮಾಷೆಯಾಗಿ ಸೇರಿಸ್ಕೊಳ್ಳಿ ನಿಖತ್. ಸ್ವಂತ ಅನುಭವ ಇದ್ರೆ ಜನಕ್ಕೆ ನಾಟುತ್ತೆ” ಎಂದಿರಿ.

ಆ ಅನುಭವ ನನ್ನದಲ್ಲ ಮಾನ್ಯರೇ, ತನುಜಾಳದ್ದು. ಅದರಲ್ಲಿ ನಗು ಎಲ್ಲಿದೆ ಎಂದು ಅಂದಿನಿಂದ ಹುಡುಕುತ್ತಿದ್ದೇನೆ. ಸಿಗಲಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆಯೇ ಊರ ಮುಂದೆ ಇಡುತ್ತಿದ್ದೇನೆ. ಸರ್ಕಾರಿ ನೌಕರರು ಮೇಲಧಿಕಾರಿಗೆ ಹೀಗೆ ಬಹಿರಂಗವಾಗಿ ಬರೆಯಬಾರದೆಂಬ ನಿಯಮ ನನಗೆ ಗೊತ್ತಿದೆ. ಟಪಾಲಿನಲ್ಲಿ ಕೊಟ್ಟ ಮನವಿಗಳಿಗೆ ಒಂದು ಸಾಲಿನ ಉತ್ತರವಾದರೂ ಬಂದಿದ್ದರೆ ಆ ನಿಯಮವನ್ನು ಕಣ್ಣಿಗೊತ್ತಿಕೊಂಡು ಪಾಲಿಸುತ್ತಿದ್ದೆ.

ನಾನೂ ತನುಜಾಳೂ ಭದ್ರಾವತಿಯ ಕಾಗದನಗರದವರು. ನನ್ನ ಅಬ್ಬ, ಅವಳ ಅಪ್ಪ ಇಬ್ಬರೂ ಕಾಗದ ಕಾರ್ಖಾನೆಯಲ್ಲಿ ದುಡಿದವರು. ಕ್ವಾರ್ಟರ್ಸ್ ಅಕ್ಕಪಕ್ಕ, ನಡುವೆ ಒಂದು ಕರಿಬೇವಿನ ಗಿಡ. ನನಗೆ ಎಳವೆಯಲ್ಲೇ ಪೋಲಿಯೋ ಆಗಿ ಎಡಗಾಲಿಗೆ ಕ್ಯಾಲಿಪರ್ ಎಂಬ ಕಬ್ಬಿಣದ ಆಸರೆ ಬಂತು. ಅವಳಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತೂ ಬರಲಿಲ್ಲ. ಕಿವುಡ ಮಕ್ಕಳ ವಸತಿ ಶಾಲೆಯಿಂದ ರಜೆಗೆ ಬಂದಾಗಲೆಲ್ಲ ಅವಳು ನನಗೆ ಕೈಮಾತು ಕಲಿಸಿದಳು. ಮನೆಯ ದಖ್ಖನಿ ಉರ್ದು, ಬೀದಿಯ ಕನ್ನಡದ ಜೊತೆ ಅದು ನನ್ನ ಮೂರನೆಯ ಭಾಷೆಯಾಯಿತು. ಬಯಲಿನಲ್ಲಿ ಬೇರೆ ಮಕ್ಕಳು ಓಡುವಾಗ ಓಡಲಾರದವಳಿಗೆ ಕೇಳಿಸದವಳೇ ಜೊತೆ. ದೊಡ್ಡವರಾದ ಮೇಲೆ ಒಂದೇ ಮೀಸಲಾತಿಯಲ್ಲಿ ಒಂದೇ ಕಚೇರಿಗೆ ಬಂದೆವು. ಭದ್ರಾವತಿಯಿಂದ ಬೆಳಗಿನ ಬಸ್ಸು, ಒಂದೇ ಸೀಟು, ಕಿಟಕಿ ಪಕ್ಕ ಯಾವಾಗಲೂ ಅವಳೇ.

ನಗಿಸುವ ಕೆಲಸವನ್ನು ನಾವು ವೇದಿಕೆಯಲ್ಲಿ ಕಲಿತದ್ದಲ್ಲ, ಉಳಿದುಕೊಳ್ಳಲು ಕಲಿತದ್ದು. ಕಚೇರಿಗೆ ಸೇರಿದ ಹೊಸದರಲ್ಲಿ ಕಾಲು ಕುಂಟುವ ನನ್ನೊಡನೆ ಎಲ್ಲರೂ ಜೋರಾಗಿ, ಬಿಡಿಸಿ ಬಿಡಿಸಿ ಮಾತನಾಡುತ್ತಿದ್ದರು. ಕಿವಿ ಕೇಳದ ತನುಜಾಳಿಗೆ ಗಾಲಿಕುರ್ಚಿ ತಂದುಕೊಟ್ಟಿದ್ದರು. ಅವಳು ಅದರಲ್ಲಿ ಕೂತು ಇಡೀ ವರಾಂಡ ಸುತ್ತಿ, ಎದ್ದು, ನನಗೆ ಬಗ್ಗಿ ನಮಸ್ಕರಿಸಿ ಕುರ್ಚಿಯನ್ನು ಒಪ್ಪಿಸಿದಳು. ಅಂದು ಕಚೇರಿ ನಕ್ಕದ್ದೇ ಮೊದಲು. ನಕ್ಕ ಮೇಲೆ ಜನ ಹತ್ತಿರ ಬಂದರು. ನಮ್ಮ ಸೂಪರಿಂಟೆಂಡೆಂಟ್ ನಿರಂಜನ ಅವರು ಕೈಮಾತಿನಲ್ಲಿ ‘ಚಹಾ’, ‘ರಜೆ’, ‘ಸಾಹೇಬರು ಬಂದರು’ ಎಂಬುದನ್ನು ಕಲಿತರು. ‘ಸಾಹೇಬರು’ ಎಂಬುದಕ್ಕೆ ಯಾವ ಸಂಕೇತ ಬಳಸುತ್ತೇವೆಂದು ಈ ಪತ್ರದಲ್ಲಿ ಹೇಳಲಾರೆ. ಕೌಂಟರಿನಲ್ಲಿ ಅವಳು ಕೂತ ಮೇಲೆ ಹೊಳಲೂರಿನ ಏಕಾಂತಪ್ಪ ಎಂಬ ರೈತರು ಬೇರೆ ಕೌಂಟರ್ ಖಾಲಿಯಿದ್ದರೂ ಅವಳದ್ದೇ ಸಾಲಿನಲ್ಲಿ ನಿಲ್ಲುತ್ತಿದ್ದರು. ಯಾಕೆಂದು ಕೇಳಿದ್ದಕ್ಕೆ, ಉಳಿದವರು ಕಂಪ್ಯೂಟರ್ ನೋಡಿಕೊಂಡು ಮಾತಾಡುತ್ತಾರೆ, ಈ ಹುಡುಗಿ ನನ್ನನ್ನು ನೋಡುತ್ತಾಳೆ ಎಂದಿದ್ದರು.

ಹೀಗೆ ನಮ್ಮ ಜೋಡಿಯ ಸುದ್ದಿ ಹಬ್ಬಿತು. ಬೇರೆ ಇಲಾಖೆಗಳು, ಬ್ಯಾಂಕು, ಭದ್ರಾವತಿಯ ಕಾಲೇಜು, ಎಲ್ಲ ಕಡೆ ಕರೆದರು. ಅವಳು ಅಭಿನಯಿಸುವುದು, ನಾನು ಅವಳ ಧ್ವನಿಯಾಗುವುದು. ಒಂದು ಬ್ಯಾಂಕಿನವರು ನಮ್ಮ ಮಾತು ಕೇಳಿ ನಕ್ಕು, ಮಾರನೆಯ ತಿಂಗಳೇ ಮೆಟ್ಟಿಲ ಪಕ್ಕದಲ್ಲಿ ಇಳಿಜಾರು ಕಟ್ಟಿಸಿದರು. ನಗು ಗೋಡೆ ಒಡೆಯುತ್ತದೆ ಎಂದು ನಾವು ನಂಬಿದ್ದು ಸುಮ್ಮನೆ ಅಲ್ಲ ಮಾನ್ಯರೇ. ಕಣ್ಣಾರೆ ಕಂಡಿದ್ದೆವು.

ಕಳೆದ ವರ್ಷದ ದಿನಾಚರಣೆಯಲ್ಲಿ ಆಡಿದ ಪ್ರಸಂಗ ತಮಗೆ ನೆನಪಿರಬಹುದು. ಒಬ್ಬ ಅಧಿಕಾರಿ ಕಿವಿ ಕೇಳದ ನೌಕರಳನ್ನು ಕರೆಯುತ್ತಾನೆ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಕೊನೆಗೆ ಗಂಟಲು ಹರಿಯುವಂತೆ. ನೆಹರೂ ರಸ್ತೆಯಲ್ಲಿ ಹೋಗುವವರೆಲ್ಲ ತಿರುಗಿ ನೋಡುತ್ತಾರೆ, ಅವಳೊಬ್ಬಳು ನೋಡುವುದಿಲ್ಲ. ಅಷ್ಟರಲ್ಲಿ ಜವಾನ ಬಂದು ಅವಳ ಭುಜವನ್ನು ಮೆಲ್ಲಗೆ ಮುಟ್ಟುತ್ತಾನೆ. ಅವಳು ನಗುತ್ತ ಎದ್ದು ಬರುತ್ತಾಳೆ. ಅಧಿಕಾರಿ, ಜವಾನ, ನೌಕರಳು ಮೂರೂ ಪಾತ್ರ ತನುಜಾಳದ್ದೇ. ತಾವು ಮೊದಲ ಸಾಲಿನಲ್ಲಿ ಕೂತು ಕಣ್ಣೀರು ಬರುವಷ್ಟು ನಕ್ಕಿರಿ. ಆಮೇಲೆ ಮೈಕ್ ಹಿಡಿದು, ಈ ಪ್ರಸಂಗ ತಮ್ಮ ಕಣ್ಣು ತೆರೆಸಿತೆಂದು ಹೇಳಿದಿರಿ.

ತೆರೆದ ಆ ಕಣ್ಣಿಗೆ ಮೊದಲು ಬಿದ್ದದ್ದು, ಕೌಂಟರಿನಲ್ಲಿ ಒಂದು ಟೆಲಿಫೋನ್ ಇದೆ, ತನುಜಾ ಅದನ್ನು ಎತ್ತುವುದಿಲ್ಲ ಎಂಬ ಸಂಗತಿ. ಪಕ್ಕದವರು ಎತ್ತುತ್ತಿದ್ದರು, ಯಾರೂ ದೂರು ಕೊಟ್ಟಿರಲಿಲ್ಲ. ಆದರೂ ‘ಅವರ ಅನುಕೂಲದ ದೃಷ್ಟಿಯಿಂದ, ಗದ್ದಲವಿಲ್ಲದ ಸ್ಥಳಕ್ಕೆ’ ಎಂದು ಬರೆದು ಅವಳನ್ನು ಹಿಂದಿನ ರೆಕಾರ್ಡ್ ರೂಮಿಗೆ ಹಾಕಿದಿರಿ. ಗದ್ದಲದಿಂದ ಅವಳಿಗೆ ಎಂದಾದರೂ ತೊಂದರೆಯಾಗಿತ್ತೇ? ಮುಖಗಳನ್ನು ನೋಡಿ ಜಗತ್ತನ್ನು ತಿಳಿಯುವವಳನ್ನು ಆಳೆತ್ತರದ ಕಡತಗಳ ಕಪಾಟಿನ ಹಿಂದೆ, ಒಂದು ಮುಖವೂ ಕಾಣದ ಕೋಣೆಯಲ್ಲಿ ಕೂರಿಸುವುದು ಯಾವ ಸೀಮೆಯ ಅನುಕೂಲ? ಅದು ಒಳಗೊಳ್ಳುವುದೋ, ಒಳಗೆ ಹಾಕುವುದೋ? ನಿರಂಜನ ಅವರು ತಮ್ಮ ಬಳಿ ಬಂದು ಬೇಡವೆಂದರು. ನಾನೂ ಬರೆದುಕೊಟ್ಟೆ. ಆ ಕೋಣೆಯ ಗೋಡೆ ದಪ್ಪ, ಮೊಬೈಲಿಗೆ ನೆಟ್‌ವರ್ಕ್ ಸಿಗುವುದಿಲ್ಲ, ಏನಾದರೂ ಆದರೆ ಅವಳು ಯಾರನ್ನೂ ಕರೆಯಲಾರಳು ಎಂದೇ ಬರೆದಿದ್ದೆ.

ಕಳೆದ ಜುಲೈ ತಿಂಗಳ ಒಂದು ಶನಿವಾರ ನಾನು ರಜೆಯಲ್ಲಿದ್ದೆ. ಆಯನೂರಿನಲ್ಲಿ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥ. ಸಂಜೆ ಮಗ್ರಿಬ್ ನಮಾಜಿನ ಹೊತ್ತಿಗೆ ತನುಜಾಳ ತಾಯಿ ಸುವರ್ಣಮ್ಮ ಫೋನ್ ಮಾಡಿದರು. “ತನುಜಾ ಇನ್ನೂ ಬಂದಿಲ್ಲ ಕಣೇ ನಿಖತ್. ಮೆಸೇಜ್ ಹಾಕಿದ್ರೆ ಹೋಗ್ತಾನೇ ಇಲ್ಲ. ನಿನ್ ಜೊತೆ ಏನಾದ್ರೂ ಇದಾಳಾ?” ನನ್ನ ಜೊತೆ ಇಲ್ಲವೆಂದು ಹೇಳುವಾಗಲೇ ನನಗೆ ಆ ಕೋಣೆ ಕಣ್ಣಿಗೆ ಬಂತು. ನನ್ನ ತಮ್ಮ ಮುಸ್ತಕೀಮ್ ಊಟದ ಎಲೆಯಿಂದ ಎದ್ದು ಕಾರು ತೆಗೆದ.

ಗೇಟಿನಲ್ಲಿ ಕಾವಲುಗಾರ ಕರಿಯಣ್ಣ ಇದ್ದರು. ಒಳಗೆ ಯಾರೂ ಇಲ್ಲ, ಎಲ್ಲ ಬೀಗ ಹಾಕಿಯಾಗಿದೆ ಎಂದರು. ಹಿಂದಿನ ಕೋಣೆಯನ್ನು ನೋಡಿದಿರಾ ಎಂದು ಕೇಳಿದೆ.

“ನೋಡಿದೆ ಮೇಡಂ. ಬಾಗಿಲಲ್ಲೇ ನಿಂತು ಯಾರಿದ್ದೀರಾ ಅಂತ ಕೂಗೇ ಬೀಗ ಹಾಕಿದ್ದು. ಯಾರೂ ಮಾತಾಡ್ಲಿಲ್ಲ.”

ಹೇಳಿ ಮುಗಿಸಿದ ಮೇಲೆ ಆಡಿದ ಮಾತು ಕರಿಯಣ್ಣನವರಿಗೇ ಕೇಳಿಸಿತು. ನಾನು ಕ್ಯಾಲಿಪರ್ ಎಳೆದುಕೊಂಡು ಅಂಗಳ ದಾಟುವಷ್ಟರಲ್ಲಿ ಆ ವಯಸ್ಸಾದ ಜೀವ ಓಡಿ ಹೋಗಿ, ಒಂದಾದ ಮೇಲೊಂದು ಬೀಗದ ಕೈ ತುರುಕುತ್ತಿತ್ತು.

ಕಚೇರಿ ಮುಗಿದ ಮೇಲೆ ಮೇನ್ ಸ್ವಿಚ್ ಆರಿಸಬೇಕೆಂಬುದು ತಮ್ಮದೇ ಆದೇಶ. ಉಳಿತಾಯ ಒಳ್ಳೆಯದೇ. ಆದರೆ ಕೈಯಲ್ಲಿ ಮಾತಾಡಿ ಕಣ್ಣಲ್ಲಿ ಕೇಳುವವಳಿಗೆ ಕತ್ತಲೆಂದರೆ ಏನೆಂದು ತಾವು ಯೋಚಿಸಿದ್ದೀರಾ? ನಮಗೆ ಕತ್ತಲಲ್ಲೂ ನಾಯಿ ಬೊಗಳುವುದು, ಬಸ್ಸು ಹೋಗುವುದು ಕೇಳುತ್ತದೆ, ಲೋಕ ಇನ್ನೂ ಇದೆ ಎಂದು ಗೊತ್ತಾಗುತ್ತದೆ. ಅವಳಿಗೆ ಏನೂ ಇರಲಿಲ್ಲ. ಮೊಬೈಲಿನ ಬೆಳಕೂ ಎಷ್ಟೋ ಹೊತ್ತಿನ ಹಿಂದೆ ಮುಗಿದಿತ್ತು. ಮುಸ್ತಕೀಮ್ ಟಾರ್ಚ್ ಹಿಡಿದಾಗ ಅವಳು ಬಾಗಿಲ ಪಕ್ಕದ ನೆಲದಲ್ಲಿ ಕೂತಿದ್ದಳು. ಬಾಗಿಲು ಬಡಿದು ಬಡಿದು ಎರಡೂ ಅಂಗೈ ಊದಿದ್ದವು. ಹೆದರಬೇಡ, ನಾನು ಬಂದೆ ಎಂದು ಬೆಳಕಿನಲ್ಲಿ ಕೈ ಆಡಿಸಿದೆ. ಅವಳು ನನ್ನ ಕೈಗಳನ್ನು ನೋಡಲಿಲ್ಲ. ನನ್ನ ದುಪಟ್ಟದ ಅಂಚು ಹಿಡಿದುಕೊಂಡವಳು ಕಾಗದನಗರ ತಲುಪುವವರೆಗೂ ಬಿಡಲಿಲ್ಲ. ಸುವರ್ಣಮ್ಮನವರು ಕರೆ ಮಾಡದಿದ್ದರೆ ಮರುದಿನ ಭಾನುವಾರ, ಮಾನ್ಯರೇ.

ಸೋಮವಾರ ತಾವು ಅವಳನ್ನು ನೋಡಲು ಹೋಗಬಹುದು, ಕಡೆಗೆ ಒಂದು ಮಾತಾದರೂ ಕಳಿಸಬಹುದು ಎಂದುಕೊಂಡಿದ್ದೆ. ತಾವು ಕಳಿಸಿದ್ದು ನೋಟೀಸು. ‘ಭದ್ರತಾ ಸಿಬ್ಬಂದಿ ನಿಯಮಾನುಸಾರ ಕೂಗಿ ಕರೆದಾಗ್ಯೂ ಓಗೊಡದೆ, ಪೂರ್ವಾನುಮತಿಯಿಲ್ಲದೆ ಕಚೇರಿ ವೇಳೆಯ ನಂತರವೂ ಕೊಠಡಿಯಲ್ಲಿ ಉಳಿದಿದ್ದು ಕರ್ತವ್ಯಲೋಪ’ವಂತೆ. ಓಗೊಡದ್ದು ಕರ್ತವ್ಯಲೋಪ! ಇದನ್ನು ನಮ್ಮ ಪ್ರಸಂಗದಲ್ಲಿ ಸೇರಿಸಿದ್ದರೆ ಅತಿಯಾಯಿತೆಂದು ನಾನೇ ಕಿತ್ತುಹಾಕುತ್ತಿದ್ದೆ. ಕರಿಯಣ್ಣನವರನ್ನು ಏಜೆನ್ಸಿಯವರು ಅದೇ ವಾರ ಮನೆಗೆ ಕಳಿಸಿದರು. ಕೂಗಬೇಕೆಂದು ನಿಯಮ ಬರೆದವರು ಎಲ್ಲಿದ್ದರೋ ಅಲ್ಲೇ ಇದ್ದಾರೆ.

ನೋಟೀಸಿಗೆ ತನುಜಾ ಉತ್ತರ ಕೊಡಲಿಲ್ಲ, ರಾಜೀನಾಮೆ ಕೊಟ್ಟಳು. ಆಮೇಲೆ ಬಹಳ ದಿನ ನಾನು ಹೋದಾಗಲೆಲ್ಲ ಅವಳ ಕೈ ಸುಮ್ಮನಿರುತ್ತಿತ್ತು. ಬೈದರೂ ನಕ್ಕರೂ ಗಾಳಿಯಲ್ಲಿ ಹಾರುತ್ತಿದ್ದ ಕೈಗಳವು. ಈಗ ಬಟಾಣಿ ಬಿಡಿಸುವುದು, ಅಕ್ಕಿ ಆರಿಸುವುದು, ಅಷ್ಟೇ. ಸುವರ್ಣಮ್ಮ ಅಡುಗೆಮನೆಯಿಂದ ನೋಡುತ್ತ, ತನ್ನ ಜೊತೆಯೂ ಮಾತಿಲ್ಲ, ಮಲಗುವಾಗಲೂ ದೀಪ ಆರಿಸಲು ಬಿಡುವುದಿಲ್ಲ ಎಂದು ಕಣ್ಣೊರೆಸಿಕೊಂಡರು.

ಕಳೆದ ಭಾನುವಾರ, ತಾವು ನನಗೆ ಆಹ್ವಾನ ಕೊಟ್ಟ ಮೇಲೆ, ಮತ್ತೆ ಹೋಗಿದ್ದೆ. ಮೊರವನ್ನು ಪಕ್ಕಕ್ಕಿಟ್ಟು ಅವಳು ತಾನಾಗಿಯೇ ಕೈ ಎತ್ತಿದಳು. ಅಂದು ಆ ಕೋಣೆಯಲ್ಲಿ ಬಾಯಿ ತೆರೆದು ಕಿರುಚಿದೆ ಎಂದಳು. ಹುಟ್ಟಿದ ಮೇಲೆ ಮೊದಲ ಸಲ. ಗಂಟಲು ನೋಯುವಷ್ಟು. ಆಮೇಲೆ ಕೇಳಿದಳು: “ನನ್ನ ಧ್ವನಿ ಹೊರಗೆ ಬಂದಿತ್ತಾ?”

ಬಂದಿತ್ತು ಮಾನ್ಯರೇ. ಕರಿಯಣ್ಣ ಆಮೇಲೆ ನನಗೆ ಹೇಳಿದ್ದರು. ಸಂಪಿನಿಂದ ನೀರು ಸೇದಲು ಕಟ್ಟಡದ ಹಿಂದಕ್ಕೆ ಹೋದಾಗ ಏನೋ ಕೂಗಿದಂತಾಯಿತಂತೆ. ಬೆಕ್ಕು ಇರಬೇಕು ಎಂದುಕೊಂಡರಂತೆ. ನಾನು ತನುಜಾಳಿಗೆ, ಬಂದಿತ್ತು ಎಂದಷ್ಟೇ ಹೇಳಿದೆ. ಅವಳ ಮುಖ ಒಂದು ಗಳಿಗೆ ಅರಳಿತು. ಹಾಗಾದರೆ ಯಾರಿಗೆ ಕೇಳಿಸಿತು ಎಂದು ಕೇಳಿದಳು. ಮೂರು ಭಾಷೆ ಬಲ್ಲ ನಾನು ಬಗ್ಗಿ ಕ್ಯಾಲಿಪರಿನ ಪಟ್ಟಿ ಬಿಗಿಯತೊಡಗಿದೆ. ಅವಳು ಮೊರ ಎತ್ತಿಕೊಂಡಳು.

ಇದನ್ನು ತಮಾಷೆಯಾಗಿ ಹೇಳಬೇಕೆಂದರೆ ಎಲ್ಲಿಂದ ಶುರು ಮಾಡಲಿ? ಬೆಕ್ಕಿನಿಂದಲೇ?

ದಿನಾಚರಣೆ, ಹಾರ, ಬ್ಯಾನರ್ ಯಾವುದೂ ಬೇಡ. ಆ ನೋಟೀಸನ್ನು ಹಿಂಪಡೆಯಿರಿ. ಕರಿಯಣ್ಣನವರನ್ನು ವಾಪಸು ಕರೆಸಿ. ಬೀಗ ಹಾಕುವ ಮುನ್ನ ಪ್ರತಿ ಕೋಣೆಯ ಒಳಗೂ ಹೋಗಿ ಕಣ್ಣಿನಿಂದ ನೋಡಬೇಕು ಎಂದು ಆದೇಶ ಮಾಡಿ. ಗಂಟೆ ಹೊಡೆದಾಗ ಮಿನುಗುವ ಒಂದು ದೀಪವನ್ನು ಪ್ರತಿ ಕೋಣೆಗೂ ಹಾಕಿಸಿ. ರಾಜೀನಾಮೆ ಇನ್ನೂ ತಮ್ಮ ಮೇಜಿನ ಮೇಲಿದೆ, ಅದಕ್ಕೆ ಸಹಿ ಹಾಕಬೇಡಿ. ಆಮೇಲೆ ಒಂದು ದಿನ ಕಾಗದನಗರಕ್ಕೆ ಹೋಗಿ, ಅವಳೆದುರು ಕೂತು, ತಪ್ಪಾಯಿತು ಎನ್ನಿ. ಭಾಷಾಂತರಕ್ಕೆ ನಾನು ಬರುವುದಿಲ್ಲ. ತುಟಿ ನೋಡಿ ಓದುವುದು ಅವಳಿಗೆ ಗೊತ್ತು. ನಿಜವಾಗಿ ಹೇಳಿದ್ದು ಯಾವುದು, ಬಾಯಿಮಾತಿಗೆ ಹೇಳಿದ್ದು ಯಾವುದು ಎಂಬುದೂ ಗೊತ್ತು.

ಇಷ್ಟೆಲ್ಲ ಮಾಡಿದರೂ ಅವಳು ಕೆಲಸಕ್ಕೆ ಮರಳುತ್ತಾಳೆಂದು ನಾನು ಭರವಸೆ ಕೊಡಲಾರೆ. ಬರುವುದಿಲ್ಲವೆಂದೇ ನನ್ನ ಜೀವ ಹೇಳುತ್ತದೆ. ಆದರೂ ಮಾಡಿ. ಆ ಹುದ್ದೆಗೆ ನಾಳೆ ಇನ್ನೊಬ್ಬಳು ಬರುತ್ತಾಳೆ. ಅವಳಿಗೆ ಪಕ್ಕದ ಮನೆಯ ಗೆಳತಿ ಇಲ್ಲದಿರಬಹುದು.

ಇಂತಿ,
ಭದ್ರಾವತಿ ಬಸ್ಸಿನಲ್ಲಿ ಈಗ ಕಿಟಕಿ ಪಕ್ಕದ ಸೀಟು ಸುಲಭವಾಗಿ ಸಿಗುತ್ತಿರುವ,
ನಿಖತ್
ಕಾಗದನಗರ