ಎರಡು ಬ್ರೇಕಿನ ನಡುವಿನ ಕೊಂಡಿ

ಹುನಗುಂದ
೧೨ ಫೆಬ್ರುವರಿ ೨೦೨೪, ಸೋಮವಾರ

ನಮ್ಮ ಮನೆಯವರಿಗೆ,

ಶಿವಗಂಗಾಳ ಶರಣಾರ್ಥಿ. ನೀವು ಮನೆ ಬಿಡುವಾಗ ಫೋನನ್ನು ಗ್ಯಾರೇಜಿನಲ್ಲೇ ಬಿಟ್ಟು ಹೋದಿರಿ, ಅದಕ್ಕೆ ಬರೆಯುತ್ತಿದ್ದೇನೆ. ನೀವು ಕೂಡಲಸಂಗಮದಲ್ಲಿ ದಾಸೋಹದ ಪಾತ್ರೆ ತಿಕ್ಕುತ್ತಿದ್ದೀರಿ ಎಂದು ದಾಳಿಂಬೆ ತೋಟದ ಹುಲ್ಲಪ್ಪನವರು ಹೇಳಿದರು. ಮಾತಾಡಿಸಿದರೆ ತಲೆ ಎತ್ತಲಿಲ್ಲವಂತೆ. "ಗಡ್ಡಾ ಬಿಟ್ಟಾನ ಯವ್ವಾ, ಗುರುತ ಹತ್ತೂದಿಲ್ಲ" ಎಂದರು. ನನಗೆ ನಿಮ್ಮ ಗಡ್ಡದ ಚಿಂತೆಯಾಗಲಿಲ್ಲ, ಕೈಗಳ ನೆನಪಾಯಿತು. ಇಷ್ಟು ದಿನದ ಬೂದಿಗೆ, ಸೋಪಿಗೆ ನಿಮ್ಮ ಉಗುರಿನ ಎಣ್ಣೆ ಕಪ್ಪು ಹೋಗಿಯೇ ಬಿಟ್ಟಿರಬೇಕು.

ಇಲ್ಲಿ ಗ್ಯಾರೇಜಿಗೆ ಯಾರೂ ಬರುವುದಿಲ್ಲ. ಮೊದಲು ಇಳಕಲ್ಲಿನಿಂದ, ಬಾದಾಮಿಯಿಂದ ತೋಟದವರು ತಮ್ಮ ಅಪ್ಪಂದಿರ ಕಾಲದ ಸಣ್ಣ ಟ್ರ್ಯಾಕ್ಟರುಗಳನ್ನು ಲಾರಿಗೆ ಹಾಕಿಕೊಂಡು ಬರುತ್ತಿದ್ದರು. ಅಂದಾನಪ್ಪನ ಕೈಗೆ ಕೊಟ್ಟರೆ ಸತ್ತ ಎಂಜಿನ್ನೂ ಎದ್ದು ಕೂರುತ್ತದೆ ಎಂದು ನಿಮ್ಮನ್ನು ಹೊಗಳುತ್ತಿದ್ದ ಜನ ಅವರು. ಆನಂದನ ಟ್ರ್ಯಾಕ್ಟರಿನ ಬ್ರೇಕ್ ನಾನೇ ಸರಿ ಕಟ್ಟಿರಲಿಲ್ಲ ಎಂದು ನೀವು ಊರ ಮುಂದೆ ಒಪ್ಪಿಕೊಂಡ ಮೇಲೆ, ರಿಪೇರಿಗೆ ಬಿಟ್ಟವರು ಒಬ್ಬೊಬ್ಬರಾಗಿ ಬಂದು ತಮ್ಮ ಯಂತ್ರ ಎಳೆದುಕೊಂಡು ಹೋದರು. ಬಿಚ್ಚಿಟ್ಟಿದ್ದ ಕುಂಟೆ, ರೆಂಟೆ, ಔಷಧ ಹೊಡೆಯುವ ಪಂಪು, ಎಲ್ಲ ಹೋದವು. ಉಳಿದದ್ದು ನನ್ನ ತಮ್ಮನನ್ನು ಕೊಂದ ಆ ಒಂದೇ ಟ್ರ್ಯಾಕ್ಟರ್, ನೀವು ತಾಡಪತ್ರಿ ಹೊದಿಸಿ ಹಗ್ಗ ಬಿಗಿದಿದ್ದ ಹಾಗೆಯೇ.

ನೀವೂ ನನ್ನ ತಮ್ಮನೂ ಅದನ್ನು ಗುಳೇದಗುಡ್ಡದ ಕಡೆಯ ಹಾಳು ಪೇರಲ ತೋಟದಿಂದ ತಂದಾಗ ಬಾನೆಟ್ಟಿನೊಳಗೆ ಅಳಿಲು ಗೂಡು ಕಟ್ಟಿತ್ತು. ಅವ್ವ ನಕ್ಕಿದ್ದಳು, "ಅಳಿಯಾ ಮಗಾ ಕೂಡಿ ಗುಜರಿ ಅಂಗಡಿ ಇಡತಾರ" ಎಂದು. ಸಿಗದ ಭಾಗಗಳನ್ನು ನೀವು ಲೇತಿನಲ್ಲಿ ಕಡೆಸಿದಿರಿ. ಬ್ರೇಕಿನ ಲೈನಿಂಗಿಗೆ ರಿವೆಟ್ ಬಡಿದವಳು ನಾನು. ಅದು ಮೊದಲ ಸಲ ಹೊಗೆ ಉಗುಳಿ ಚಾಲೂ ಆದಾಗ ಆನಂದ ನಿಮ್ಮನ್ನು ಎತ್ತಿಕೊಂಡು ಗ್ಯಾರೇಜು ಸುತ್ತಿದ್ದ. ದೊಡ್ಡ ಟ್ರ್ಯಾಕ್ಟರ್ ಹೋಗದ ದಾಳಿಂಬೆ ಸಾಲುಗಳಲ್ಲಿ ಅವನು ಅದನ್ನು ಓಡಿಸಿ ಕಳೆ ಹರಗುತ್ತಿದ್ದ. ಅವನಿಗೂ ಒಂದು ದಾರಿಯಾಯಿತು ಎಂದು ನಾವು ನೆಮ್ಮದಿಯಾಗಿದ್ದೆವು.

ಅವನು ಹೋದ ದಿನದ ಮಾತನ್ನು ನಾವಿಬ್ಬರೂ ಒಮ್ಮೆಯೂ ಕೂತು ಆಡಿಲ್ಲ. ಹುಲ್ಲಪ್ಪನವರ ತೋಟ ಮುಗಿಸಿ ಬರುವಾಗ ಹಳ್ಳದ ಇಳಿಜಾರಿನಲ್ಲಿ ಕುರಿ ಹಿಂಡು ಅಡ್ಡ ಬಂತು, ಅವನು ಬ್ರೇಕ್ ತುಳಿದ, ಟ್ರ್ಯಾಕ್ಟರ್ ಗಿರಕ್ಕನೆ ತಿರುಗಿ ಅವನ ಮೇಲೆಯೇ ಮಗುಚಿತು ಎಂದು ಕುರಿ ಕಾಯುವವರು ಹೇಳಿದರು. ಓಡಿ ಹೋಗಿ ಅದನ್ನು ಎತ್ತಿಸಿದವರು ನೀವು. ಮಣ್ಣು ಮಾಡಿ ಬಂದ ಮೇಲೆ ಊರ ಮಂದಿಯ ಮುಂದೆಯೇ ಅವ್ವ ನಿಮ್ಮೆದುರು ನಿಂತು, "ಹುಡುಗ ಹುಡುಗಾಟಿಕಿ ಮಾಡಿ ಸತ್ತ ಅಂತ ಮಂದಿ ಅಂತಾರ. ನೀವ ಹೇಳ್ರಿ, ನನ್ನ ಮಗಾ ಹೆಂಗ ಸತ್ತ?" ಎಂದು ಕೇಳಿದಳು. ನೀವು, "ಅವಂದೇನೂ ತಪ್ಪಿಲ್ಲರಿ ಅತ್ತಿ. ಬ್ರೇಕ್ ನಾ ಸರಿ ಕಟ್ಟಿರಲಿಲ್ಲ" ಎಂದಿರಿ. ಅವ್ವ ನಿಮ್ಮ ಮುಖಕ್ಕೆ ಮಣ್ಣು ತೂರಿದಳು. ನೀವು ಒರೆಸಿಕೊಳ್ಳಲೂ ಇಲ್ಲ.

ಹೋದ ವಾರ ಇಳಕಲ್ಲಿನ ಗುಜರಿ ಯಾಕೂಬಸಾಬರನ್ನು ಅವ್ವ ತಾನೇ ಕರೆಸಿದಳು, ಆ ಟ್ರ್ಯಾಕ್ಟರಿನ ಹೆಣವನ್ನು ಒಯ್ಯಿರಿ ಎಂದು. ಅವರು ಗಾಡಿ ತರಲು ಹೋದಾಗ ನಾನು ತಾಡಪತ್ರಿ ತೆಗೆದೆ. ನಿಮ್ಮ ತಪ್ಪನ್ನು ಒಮ್ಮೆ ಕಣ್ಣಾರೆ ನೋಡಿಬಿಡಬೇಕು, ಆಮೇಲಾದರೂ ನಿಮ್ಮನ್ನು ದ್ವೇಷಿಸುವುದು ಸುಲಭವಾದೀತು ಎಂದುಕೊಂಡಿದ್ದೆ. ಎರಡೂ ಗಾಲಿಯ ಡ್ರಮ್ ಬಿಚ್ಚಿದೆ. ಲೈನಿಂಗ್ ಹೊಸದರ ಹಾಗಿತ್ತು. ಬ್ರೇಕಿನ ಸರಳುಗಳು ಎರಡೂ ಕಡೆ ಸಮನಾಗಿ ಬಿಗಿದಿದ್ದವು. ಒಂದು ನಟ್ಟೂ ಸಡಿಲವಿರಲಿಲ್ಲ.

ಆಮೇಲೆ ಪೆಡಲ್ ಕಡೆ ನೋಡಿದೆ. ಎಡ ಗಾಲಿಗೊಂದು, ಬಲ ಗಾಲಿಗೊಂದು ಬ್ರೇಕ್. ಸಾಲಿನ ಕೊನೆಯಲ್ಲಿ ಗರ್ರನೆ ತಿರುಗಿಸಲು ಒಂದನ್ನೇ ತುಳಿಯಬೇಕು, ಆಗ ನಡುವಿನ ಕೊಂಡಿ ಎತ್ತಿಡುತ್ತಾರೆ. ರಸ್ತೆಗೆ ಬಂದ ಮೇಲೆ ಕೊಂಡಿ ಹಾಕಿ ಎರಡನ್ನೂ ಜೋಡಿಸದಿದ್ದರೆ ಒಂದೇ ಗಾಲಿ ಹಿಡಿದುಕೊಂಡು ಗಾಡಿ ಮಗುಚುತ್ತದೆ. ಇದನ್ನು ನಾನು ನಿಮಗೆ ಹೇಳಬೇಕೇ? ಅವನು ಹೊರಡುವಾಗಲೆಲ್ಲ ನೀವು ಬಾಗಿಲಲ್ಲಿ ನಿಂತು, "ರಸ್ತೆಕ್ಕ ಬಂದಮ್ಯಾಲ ಕೊಂಡಿ ಹಾಕಲೇ" ಎಂದು ಕೂಗುತ್ತಿದ್ದಿರಿ. ಅವನು ಬೆನ್ನು ತಿರುಗಿಸಿಯೇ ಕೈಯೆತ್ತುತ್ತಿದ್ದ.

ಕೊಂಡಿ ಮೇಲಕ್ಕೆ ಎತ್ತಿಟ್ಟ ಹಾಗೆಯೇ ಇತ್ತು. ಬಿದ್ದ ಹೊಡೆತಕ್ಕೆ ಕಾಲಿಡುವ ತಗಡು ಮಡಚಿ ಅದರ ಮೇಲೆಯೇ ಕೂತಿದೆ. ಆಮೇಲೆ ಯಾರೂ ಅದನ್ನು ಎತ್ತಿರಲು ಸಾಧ್ಯವಿಲ್ಲ, ಇಳಿಸಿರಲೂ ಸಾಧ್ಯವಿಲ್ಲ. ಆನಂದ ಮರೆತಿದ್ದ. ಅಷ್ಟೇ ಆದದ್ದು. ನೀವು ಹಳ್ಳದಲ್ಲಿಯೇ ಅದನ್ನು ಕಂಡಿದ್ದಿರಿ. ಕಂಡೇ ತಾಡಪತ್ರಿ ಕಟ್ಟಿದಿರಿ.

ನಾನು ಅಲ್ಲಿಯೇ ನೆಲದ ಮೇಲೆ ಕೂತುಬಿಟ್ಟೆ. ಯಾಕೂಬಸಾಬರು ಗಾಡಿ ತಂದು ನಿಂತು, "ಯಾಕ ಅಕ್ಕಾರ, ಏನಾತು" ಎಂದರು. ಇದನ್ನು ಕೊಡುವುದಿಲ್ಲ ಎಂದೆ. ಅವರು ಬರಿಗೈಯಲ್ಲಿ ಹೋದರು. ಅವ್ವ ಆ ದಿನ ನನ್ನೊಂದಿಗೆ ಊಟಕ್ಕೆ ಕೂರಲಿಲ್ಲ.

ಈಗ ನಿಮ್ಮನ್ನು ಮನೆಗೆ ಬನ್ನಿ ಎನ್ನಬೇಕಲ್ಲವೇ? ಎನ್ನಲಾರೆ. ಅವ್ವ ದಿನಾ ಬೆಳಿಗ್ಗೆ ಎದ್ದು ಆನಂದನ ಫೋಟೋಕ್ಕೆ ವಿಭೂತಿ ಹಚ್ಚುತ್ತಾಳೆ, ನಿಮ್ಮ ಹೆಸರು ಹಿಡಿದು ಶಾಪ ಹಾಕುತ್ತಾಳೆ, ಆಮೇಲೆ ರೊಟ್ಟಿ ಬಡಿಯುತ್ತಾಳೆ. ಆ ಶಾಪ ಇಲ್ಲದಿದ್ದರೆ ಅವಳಿಗೆ ಏಳಲು ಆಗುವುದಿಲ್ಲ. ಸತ್ಯ ಹೇಳಿದರೆ ಅವಳು ಯಾರ ಮೇಲೆ ಸಿಟ್ಟಾಗಬೇಕು? ಆ ಫೋಟೋದ ಮೇಲೆಯೇ? ನೀವು ನಿಮ್ಮ ಹೆಸರು, ಕಸುಬು, ಮನೆ ಎಲ್ಲ ಕೊಟ್ಟು ಅವಳಿಗೆ ಒಬ್ಬ ನಿರಪರಾಧಿ ಮಗನನ್ನು ಉಳಿಸಿಕೊಟ್ಟಿದ್ದೀರಿ. ಅದನ್ನು ನಾನು ಕಸಿಯುವುದು ಹೇಗೆ?

ಆದರೆ ನನಗೇಕೆ ಹೇಳಲಿಲ್ಲ? ಇದೊಂದು ಮಾತ್ರ ಕೇಳುತ್ತೇನೆ. ನಾವಿಬ್ಬರೂ ಸೇರಿ ಸುಳ್ಳು ಹೇಳಬಹುದಿತ್ತು. ಒಬ್ಬರೇ ಹೊತ್ತುಕೊಂಡು ಹೋದಿರಿ. ನಾನು ತಮ್ಮನನ್ನೂ ಕಳೆದುಕೊಂಡೆ, ನಿಮ್ಮ ತಪ್ಪಿಗೆ ಎಂದು ನಿಮ್ಮನ್ನೂ ಕಳೆದುಕೊಂಡೆ. ಈಗ ತಪ್ಪೇ ಇಲ್ಲ ಎಂದು ಗೊತ್ತಾಗಿ ನಿಮ್ಮನ್ನು ಇನ್ನೊಮ್ಮೆ ಕಳೆದುಕೊಳ್ಳುತ್ತಿದ್ದೇನೆ. ಅವ್ವ ಇರುವವರೆಗೆ ಈ ಬಾಗಿಲು ನಿಮಗೆ ತೆರೆಯುವುದಿಲ್ಲ. ಅವಳು ಸಾಯಲಿ ಎಂದು ನಾನು ಕಾಯಲಾರೆ. ಹಾಗಾಗಿ ನಮಗೆ ಮುಂದೇನೂ ಇಲ್ಲ.

ಅನ್ನ ಸರಿಯಾಗಿ ಉಣ್ಣಿರಿ. ಹೊಳೆ ದಂಡೆಯ ಚಳಿಗೆ ನಿಮ್ಮ ಎದೆ ಕಟ್ಟುತ್ತದೆ, ಹೊದ್ದುಕೊಳ್ಳಿರಿ.

ನಿಮ್ಮವಳೇ ಆದ,
ಶಿವಗಂಗಾ

ತಾ.ಕ.: ಈ ಪತ್ರವನ್ನು ಅಂಚೆಗೆ ಹಾಕದೆ ಇಟ್ಟುಕೊಂಡಿದ್ದೆ. ಇವತ್ತು ಬೆಳಿಗ್ಗೆ ಅವ್ವ ಎಂದಿನ ಹಾಗೆ ನಿಮ್ಮ ಹೆಸರು ಎತ್ತಿದಾಗ ನನಗೆ ತಡೆಯಲಾಗಲಿಲ್ಲ. ಕೈ ಹಿಡಿದು ಗ್ಯಾರೇಜಿಗೆ ಕರೆದುಕೊಂಡು ಹೋಗಿ ತೋರಿಸಿ ಎಲ್ಲ ಹೇಳಿಬಿಟ್ಟೆ. ಅವಳು ಅಳಲಿಲ್ಲ. "ನಿನ್ನ ಗಂಡ ನನ್ನ ಮಗನ್ನ ಉಳಿಸಿ ಕೊಟ್ಟಿದ್ದ. ನೀ ಇವತ್ತ ಕೊಂದಿ" ಎಂದಳು. ಫೋಟೋ ಸೀರೆಯಲ್ಲಿ ಸುತ್ತಿಕೊಂಡು ಗುಳೇದಗುಡ್ಡಕ್ಕೆ, ತನ್ನ ತಂಗಿಯ ಮನೆಗೆ ಬಸ್ಸು ಹತ್ತಿದಳು. ತಿರುಗಿ ನೋಡಲಿಲ್ಲ. ಈಗ ಮನೆಯಲ್ಲಿ ನಿಮ್ಮನ್ನು ಬರಬೇಡಿ ಎನ್ನುವವರು ಯಾರೂ ಇಲ್ಲ. ಆದರೂ, ನೀವು ಉಳಿಸಿದ್ದನ್ನು ನಾನೇ ಕೆಡಿಸಿದ ಮೇಲೆ, ಬನ್ನಿ ಎಂದು ಬರೆಯಲು ನನ್ನ ಕೈ ಏಳುತ್ತಿಲ್ಲ.